ಈಗಲೇ ಬೇಡ ಎಂದವನು

ಹೆಣ್ಣು ನೋಡಲು ಬಂದವನು ಹೆಣ್ಣಿನ ಮುಖ ನೋಡಲಿಲ್ಲ. ಕಾಫಿ ಲೋಟ ಚಾಚಿದ ಅವಳ ಬಲಗೈಯನ್ನು ನೋಡಿದ. ಬೆರಳುಗಳನ್ನೂ ಅಲ್ಲ, ಕಿರುಬೆರಳಿನ ಕೆಳಗೆ ಅಂಗೈಯ ಅಂಚಿಗೆ ಮೆತ್ತಿಕೊಂಡಿದ್ದ ಪೆನ್ಸಿಲಿನ ಕಪ್ಪನ್ನು.

"ಬರೆಯೋವಾಗ ಕೈಯನ್ನ ಕಾಗದದ ಮೇಲೇ ಊರ್ತೀರಾ?"

ಅವನ ಬಾಯಿಂದ ಬಂದ ಮೊದಲ ಮಾತು ಇದು.

ಮೃದುಲಾ ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿ ಕೈ ಹಿಂದಕ್ಕೆಳೆದುಕೊಂಡಳು. 'ಇದೊಂದು ಬಾಕಿ ಇತ್ತು! ಹಿಂದೆ ಬಂದವರೆಲ್ಲ ಅಡುಗೆ ಬರುತ್ತಾ, ಸಂಗೀತ ಬರುತ್ತಾ ಎಂದು ಕೇಳಿದ್ದರು. ಈ ಮಹಾನುಭಾವ ಕೈ ತೊಳೆಯೋದು ಬರುತ್ತಾ ಎಂದು ಕೇಳುತ್ತಿದ್ದಾನೆ.'

ಮುಳಬಾಗಿಲಿನ ಆ ಮನೆಯ ನಡುಮನೆಗೆ ಎರಡು ವರ್ಷದಲ್ಲಿ ಬಂದ ಆರನೆಯ ಗಂಡು ಭಾರ್ಗವ್. ಮಾಲೂರಿನವನು. ಮೂವತ್ತೊಂದು ವರ್ಷ. ಅಲ್ಲಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವ ಕೆಲಸ. ಹೆಂಚು ಒಣಗಿದೆಯೋ ಇಲ್ಲವೋ ಎಂದು ತಟ್ಟಿ ನೋಡುವುದಕ್ಕೂ ಒಬ್ಬನಿಗೆ ಸಂಬಳ ಕೊಡುತ್ತಾರೆ ಎಂದು ತಿಳಿದಾಗಲೇ ಮೃದುಲಾಗೆ ನಗು ಬಂದಿತ್ತು.

ಅವಳಿಗೆ ಇಪ್ಪತ್ತೆಂಟು. ಗಂಡು ನೋಡಿ ನೋಡಿ ಅವಳೊಳಗೆ ಒಂದು ತಾತ್ಸಾರ ಗಟ್ಟಿಯಾಗಿತ್ತು. ಒಬ್ಬ ಅರ್ಧ ಗಂಟೆ ತನ್ನ ಕಾರು ಲೀಟರಿಗೆ ಎಷ್ಟು ಓಡುತ್ತದೆ ಎಂದು ವಿವರಿಸಿದ್ದ. ಇನ್ನೊಬ್ಬ ಮದುವೆಯಾದ ಮೇಲೂ ಈ ಚಿತ್ರ ಬಿಡಿಸೋ ಹವ್ಯಾಸ ಇರುತ್ತಾ ಎಂದು ಕೇಳಿದ್ದ. ಹವ್ಯಾಸವಂತೆ!

ಆರು ವರ್ಷದಿಂದ ಅವಳು ಹತ್ತನೇ ತರಗತಿಯ ಗೈಡುಗಳಿಗೆ ಚಿತ್ರ ಬರೆದುಕೊಡುತ್ತಿದ್ದಳು. ಕಣ್ಣಿನ ಛೇದನೋಟ, ದಾಸವಾಳದ ಒಳಭಾಗ, ಮನುಷ್ಯನ ಹೃದಯ. ಹೃದಯವನ್ನಂತೂ ಎಷ್ಟು ಸಲ ಬರೆದಿದ್ದಳೋ ಲೆಕ್ಕವಿಲ್ಲ. ನಾಲ್ಕು ಕೋಣೆ, ಒಂದಿಷ್ಟು ಕೊಳವೆ, ಅಷ್ಟೇ. ಜಿಲ್ಲೆಯ ಮಕ್ಕಳೆಲ್ಲ ಅವಳ ಚಿತ್ರ ನೋಡಿ ಪಾಸಾಗುತ್ತಿದ್ದರು. ಯಾವ ಗೈಡಿನಲ್ಲೂ ಅವಳ ಹೆಸರಿರಲಿಲ್ಲ.

ಈ ಸಲ ಹಾಗಲ್ಲ. ಬೆಂಗಳೂರಿನ ಪುಟ್ಟ ಪ್ರಕಾಶನವೊಂದು ಮಕ್ಕಳ ಚಿತ್ರಪುಸ್ತಕ ಒಪ್ಪಿಸಿತ್ತು. ಮಾವಿನ ತೋಪಿನಲ್ಲಿ ದಾರಿ ತಪ್ಪುವ ಒಂದು ಮೇಕೆಮರಿಯ ಕಥೆ. ಮೂವತ್ತೆರಡು ಪುಟ. ಯುಗಾದಿಯೊಳಗೆ ಮುಗಿಯಬೇಕು. ಮುಖಪುಟದ ಮೇಲೆ ಅವಳ ಹೆಸರು! ಒಂದೇ ಷರತ್ತು: ಚಿತ್ರಗಳನ್ನು ಕಾಗದದ ಮೇಲಲ್ಲ, ಟ್ಯಾಬ್‌ನಲ್ಲಿ ಬರೆದು ಕಳಿಸಬೇಕು. ಬೇಕೆಂದಾಗ ಬಣ್ಣ ಬದಲಿಸಲು, ತಿದ್ದಲು ಅದೇ ಅನುಕೂಲ.

ಹಿರಿಯರು ಅಭ್ಯಾಸದಂತೆ ಇಬ್ಬರನ್ನೂ ತಾರಸಿಗೆ ಕಳಿಸಿದರು. ಅಲ್ಲಿ ಅಜ್ಜಿಯ ಮಡಿಸೀರೆ ಒಣಗುತ್ತಿತ್ತು, ಆಚೆ ಡಿಸೆಂಬರಿನ ಬಿಸಿಲಲ್ಲಿ ಬಂಡೆಬೆಟ್ಟ. ಏನಾದರೂ ಮಾತಾಡಬೇಕಲ್ಲ ಎಂದು ಮೃದುಲಾ ಪುಸ್ತಕದ ವಿಷಯ ಹೇಳಿ, ಈ ವಾರವೇ ಕೋಲಾರಕ್ಕೆ ಹೋಗಿ ಟ್ಯಾಬ್ ತಗೊಳ್ಳುತ್ತೇನೆಂದಳು.

ಭಾರ್ಗವ್ ಸ್ವಲ್ಪ ಹೊತ್ತು ಸೀರೆಯ ಅಂಚನ್ನೇ ನೋಡುತ್ತ ನಿಂತಿದ್ದ. ಆಮೇಲೆ ಅಂದ:

"ಈಗಲೇ ಬೇಡ."

"ಯಾಕೆ?"

"ಎರಡು ತಿಂಗಳಲ್ಲಿ ಹೊಸ ಮಾಡೆಲ್ ಬರುತ್ತೆ, ಇರೋದರ ಬೆಲೆ ಇಳಿಯುತ್ತೆ. ಮತ್ತೆ... ಬರೆದು ನೋಡದೆ ತಗೋಬೇಡಿ. ಕೈ ಊರಿ ಬರೆಯೋರಿಗೆ ಎಲ್ಲ ಟ್ಯಾಬೂ ಒಗ್ಗಲ್ಲ."

ಎರಡನೆಯ ಮಾತು ಅವಳ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಮೊದಲನೆಯದೇ ಸಾಕಾಗಿತ್ತು. ತನ್ನ ಫೋನು ಕೊಳ್ಳುವ ಮುಂಚೆ ಹನ್ನೊಂದು ತಿಂಗಳು ವಿಚಾರ ಮಾಡಿದ್ದಾಗಿ ಅವನು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡ. ಹನ್ನೊಂದು ತಿಂಗಳು!

'ತಾಳಿ ಕೈಲಿ ಹಿಡಿದಾಗಲೂ ಈ ಮನುಷ್ಯ, ಮುಂದಿನ ಮುಹೂರ್ತ ಹೇಗಿದೆ ನೋಡೋಣ ಅನ್ನುತ್ತಾನೆ' ಎಂದುಕೊಂಡಳು.

ಕೆಳಗಿಳಿಯುವ ಮುಂಚೆ, ಬಂದ ಐವರಿಗೂ ಹೇಳಿದ್ದ ಮಾತನ್ನೇ ಅವನಿಗೂ ಹೇಳಿದಳು. ಕೈಲಿರುವ ಕೆಲಸ ಮುಗಿಯುವವರೆಗೆ ಮದುವೆಯ ವಿಷಯ ತನ್ನನ್ನು ಯಾರೂ ಕೇಳಬಾರದು, ಹೂಂ ಎನ್ನುವ ಸ್ಥಿತಿಯಲ್ಲೂ ಇಲ್ಲ, ಉಹೂಂ ಎನ್ನುವ ಸ್ಥಿತಿಯಲ್ಲೂ ಇಲ್ಲ ಎಂದು. ಹಿಂದಿನವರು ಅದನ್ನು ಹುಡುಗಾಟವೆಂದು ನಕ್ಕು, ಕೆಳಗೆ ಹೋದವರೇ ಜಾತಕದ ಮಾತೆತ್ತಿದ್ದರು.

ಭಾರ್ಗವ್ ನಗಲಿಲ್ಲ. "ಆಯ್ತು" ಎಂದು ಮೆಟ್ಟಿಲಿಳಿದ.

* * *

ಅಪ್ಪ ಸೀತಾರಾಮ ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದವರು. ಹುಡುಗ ಹೇಳುವುದರಲ್ಲಿ ಅರ್ಥವಿದೆ, ಎರಡು ತಿಂಗಳು ತಾನೇ, ಕಾಯಬಹುದು ಎಂದು ಅವರು ಊಟದ ಹೊತ್ತಿಗೆ ಮೆಲ್ಲಗೆ ಹೇಳಿ ನೋಡಿದರು. ಒಳ್ಳೆಯ ಫ್ರಿಜ್ ಬರಲಿ ಎಂದು ಎರಡು ಬೇಸಿಗೆ ಕಾದು, ಮೂರನೆಯ ಬೇಸಿಗೆಯಲ್ಲಿ ಹಳೆಯದನ್ನೇ ರಿಪೇರಿ ಮಾಡಿಸಿದ ಮನುಷ್ಯ ಅವರು. ಮೃದುಲಾ ಅದನ್ನು ನೆನಪಿಸಿದ ಮೇಲೆ ಅವರು ಸಾರಿನ ಕಡೆ ಗಮನ ಕೊಟ್ಟರು.

ಅಜ್ಜಿ ಅಂಬಾಬಾಯಿ ಮಾತ್ರ ಬಿಡಲಿಲ್ಲ. "ಬೇಕು ಅಂತ ತಗೋ ಮೃದೂ, ಬೇಡ ಅಂತಿಲ್ಲ. ಅವನ ಮೇಲಿನ ಸೇಡಿಗೆ ತಗೋಬೇಡ."

"ಅವನ ಮೇಲೆ ಸೇಡು ತೀರಿಸ್ಕೊಳ್ಳೋಕೆ ಅವನು ಯಾರಜ್ಜಿ ನನಗೆ?"

ಮರುದಿನವೇ ಅವಳು ಚಿಕ್ಕಪ್ಪನ ಮಗ ಶ್ರೀಕೃಷ್ಣನನ್ನು ಕರೆದುಕೊಂಡು ಕೋಲಾರಕ್ಕೆ ಹೋದಳು. ಶ್ರೀಕೃಷ್ಣ ಫೋನು, ಟ್ಯಾಬ್‌ಗಳ ವಿಡಿಯೋ ನೋಡಿಯೇ ಪಂಡಿತನಾದವನು. ಯಾವುದನ್ನೂ ಕೊಂಡವನಲ್ಲ, ಎಲ್ಲವನ್ನೂ ಬಲ್ಲವನು. ಅಂಗಡಿಯವನೂ ಅವನೂ ಅಂಕಿ-ಸಂಖ್ಯೆಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡಿದರು. ಅಂಗಡಿಯವ ಒಂದು ಸಿನಿಮಾ ಹಾಡು ಹಾಕಿ ಸೌಂಡು ಹೇಗಿದೆ ಕೇಳಿ ಮೇಡಂ ಎಂದ. ಚಿತ್ರ ಬರೆಯುವವಳಿಗೆ ಹಾಡು ಕೇಳಿಸುತ್ತಿದ್ದಾನೆ ಎಂಬುದು ಅವಳಿಗೆ ಹೊಳೆಯದೇ ಇರಲಿಲ್ಲ.

ಪೆನ್ನು ಬೇರೆ ಡಬ್ಬಿಯಲ್ಲಿತ್ತು. ಬರೆದು ನೋಡಬಹುದಾ ಎಂದಾಗ, ಸೀಲ್ ಒಡೆದರೆ ವಾಪಸ್ ಇಲ್ಲ ಎಂದ.

'ಬರೆದು ನೋಡದೆ ತಗೋಬೇಡಿ...' ಆ ದನಿ ನೆನಪಾಯಿತು. ನೆನಪಾದದ್ದಕ್ಕೇ ಅವಳಿಗೆ ಸಿಟ್ಟು ಬಂತು.

"ಪ್ಯಾಕ್ ಮಾಡಿ" ಎಂದಳು.

* * *

ಮನೆಗೆ ಬಂದು ಮೊದಲ ಗೆರೆ ಎಳೆದಾಗಲೇ ಎಡವಟ್ಟಾದದ್ದು ಗೊತ್ತಾಯಿತು.

ಕೈ ಮುಂದೆ ಹೋಗುತ್ತಿತ್ತು, ಗೆರೆ ಹಿಂದಿನಿಂದ ಬರುತ್ತಿತ್ತು. ಅಂಗೈ ತಾಗಿದಲ್ಲೆಲ್ಲ ಕಪ್ಪು ಚುಕ್ಕಿ ಬೀಳುತ್ತಿತ್ತು. ಕೈ ಎತ್ತಿ ಬರೆದರೆ ಗೆರೆ ನಡುಗುತ್ತಿತ್ತು. ಇಪ್ಪತ್ತು ವರ್ಷದಿಂದ ಕೈ ಊರಿ ಬರೆದವಳು ಈಗ ಗಾಳಿಯಲ್ಲಿ ತೇಲಿಸಿ ಬರೆಯಬೇಕಿತ್ತು. ಹಳೆಯ ಕಾಲುಚೀಲ ಕತ್ತರಿಸಿ ಕೈಗೆ ಹಾಕಿಕೊಂಡು ನೋಡಿದಳು. ಅಜ್ಜಿ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಏನೂ ಕೇಳದೆ ಒಳಗೆ ಹೋದರು. ಕೇಳಿದ್ದರೇ ಚೆನ್ನಾಗಿತ್ತು.

ಶ್ರೀಕೃಷ್ಣನಿಗೆ ಫೋನ್ ಮಾಡಿದರೆ, ಅಭ್ಯಾಸ ಆಗುತ್ತೆ ಅಕ್ಕಾ ಎಂದ. ಅಂಗಡಿಯವನು ಫೋನ್ ಎತ್ತಲಿಲ್ಲ. ಮನೆಯಲ್ಲಿ ಮಾತ್ರ ಮೃದುಲಾ, ತುಂಬ ಚೆನ್ನಾಗಿದೆ ಟ್ಯಾಬು, ಕೆಲವರ ಮಾತು ಕೇಳಿದ್ದರೆ ಇನ್ನೂ ಕಾಯುತ್ತ ಕೂತಿರಬೇಕಿತ್ತು ಎಂದು ಹೇಳಿಕೊಂಡು ತಿರುಗಿದಳು.

ಈ ನಡುವೆ ಮಾಲೂರಿನಿಂದ ಉತ್ತರವೇ ಇಲ್ಲ. ಹೂಂ ಇಲ್ಲ, ಉಹೂಂ ಇಲ್ಲ. ತಿಂಗಳಾದ ಮೇಲೆ ಅಪ್ಪನೇ ಫೋನ್ ಮಾಡಿದಾಗ, ಸಂಬಂಧ ತಂದಿದ್ದ ಭಾರ್ಗವನ ಚಿಕ್ಕಮ್ಮ, ಹುಡುಗ ಸ್ವಲ್ಪ ಸಮಯ ಬೇಕು ಅಂತಿದ್ದಾನೆ ಎಂದಷ್ಟೇ ಹೇಳಿದರು. ಶ್ರೀಕೃಷ್ಣ ಇನ್ನೊಂದು ಸುದ್ದಿ ತಂದ. ಭಾರ್ಗವ್ ಮೂರು ಶನಿವಾರದಿಂದ ಕೋಲಾರದಲ್ಲಿ ಓಡಾಡುತ್ತಿದ್ದಾನಂತೆ, ಅಲ್ಲಿ ಯಾವುದೋ ಹುಡುಗಿ ನೋಡಿದ್ದಾರಂತೆ.

ಮೃದುಲಾ ಜೋರಾಗಿ ನಕ್ಕಳು. "ಮತ್ತಿನ್ನೇನು! ಹೊಸ ಮಾಡೆಲ್ ಬರೋವರೆಗೆ ಕಾಯೋ ಗಿರಾಕಿ ತಾನೇ ಅದು? ಕೋಲಾರದ್ದು ನೋಡಿ, ಆಮೇಲೆ ಶ್ರೀನಿವಾಸಪುರದ್ದು ನೋಡಿ, ಬೆಲೆ ಇಳಿದ ಮೇಲೆ ಮುಳಬಾಗಿಲಿಗೆ ಬರ್ತಾನೆ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವಳೊಬ್ಬಳೇ ಕೋಣೆಗೆ ಬಂದು ಕೂತಳು.

ಅವಳು ಅವನಿಗೆ 'ಹಸಿಹೆಂಚು' ಎಂದು ಹೆಸರಿಟ್ಟಿದ್ದಳು. ಸಾರು ತಡವಾದರೆ ಹಸಿಹೆಂಚು, ಬಸ್ಸು ತಡವಾದರೆ ಹಸಿಹೆಂಚು. ದಿನಕ್ಕೆ ನಾಲ್ಕು ಸಲವಾದರೂ ಅವನನ್ನು ಹಳಿಯದೆ ಇರಲಾಗುತ್ತಿರಲಿಲ್ಲ. ಹಿಂದಿನ ಐವರಲ್ಲಿ ಒಬ್ಬನ ಮುಖವೂ ಅವಳಿಗೆ ನೆನಪಿರಲಿಲ್ಲ. ಇವನದು ಮಾತ್ರ... ಸೀರೆಯ ಅಂಚನ್ನು ನೋಡುತ್ತ ಯೋಚಿಸುತ್ತಿದ್ದಾಗ ಅವನ ಹುಬ್ಬು ಕೂಡುತ್ತಿದ್ದ ಜಾಗವೂ ನೆನಪಿತ್ತು.

'ಛೀ' ಎಂದುಕೊಂಡು ಸ್ಕೆಚ್ ಪುಸ್ತಕ ಹಿಡಿದು ಯಲ್ದೂರಿನ ಮಾವಿನ ತೋಪಿಗೆ ಹೊರಟಳು.

ತೋಪು ಹೂ ಬಿಟ್ಟಿತ್ತು. ಅಲ್ಲಿ ಮೇಕೆ ಮೇಯಿಸುತ್ತಿದ್ದ ಬೈರಮ್ಮನೆಂಬ ಹೆಂಗಸು, ಈ ಹುಡುಗಿ ಮರಿಯ ಹಿಂದೆ ಹಿಂದೆ ಓಡುತ್ತ ಬರೆಯುವುದನ್ನು ಕಂಡು ಮರದ ಬುಡದಲ್ಲಿ ಕೂತು ನಕ್ಕಳು.

"ಅದು ನಿಂತ್ಕೊಳ್ಳಲ್ಲಮ್ಮಾ. ನಿಂತ್ಕೊಳ್ಳಂಗಿದ್ರೆ ಅದು ಮೇಕೆ ಯಾಕಾಗ್ತದೆ?"

ಕಾಗದದ ಮೇಲೆ ಮರಿ ಓಡಿತು, ನೆಗೆಯಿತು. ಟ್ಯಾಬ್‌ಗೆ ಬರುವಷ್ಟರಲ್ಲಿ ಸತ್ತುಹೋಯಿತು.

ಕಳಿಸಿದ್ದ ನಾಲ್ಕು ಪುಟ ಜನವರಿ ಕೊನೆಗೆ ವಾಪಸ್ ಬಂದವು. ಸಂಪಾದಕಿ ಒರಟಾಗಿ ಬರೆದಿರಲಿಲ್ಲ, ಅದೇ ಹೆಚ್ಚು ನೋವಾಯಿತು. ಮೊದಲು ತೋರಿಸಿದ ಪೆನ್ಸಿಲ್ ಚಿತ್ರದಲ್ಲಿ ಮರಿಗೆ ಜೀವವಿತ್ತು, ಇದು ತಂತಿಯಲ್ಲಿ ಬಗ್ಗಿಸಿದ ಹಾಗಿದೆ. ಫೆಬ್ರವರಿ ಮಧ್ಯದೊಳಗೆ ಸರಿಹೋಗದಿದ್ದರೆ ಬೇರೆ ಕಲಾವಿದರನ್ನು ಹುಡುಕಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ ಎಂದಿತ್ತು.

ಮೃದುಲಾ ಅದನ್ನು ಮೂರು ಸಲ ಓದಿದಳು. ಇನ್ನೂ ಹತ್ತು ವರ್ಷ ಹೆಸರಿಲ್ಲದೆ ಹೃದಯ ಬರೆದುಕೊಂಡು ಕೂರುವುದು ಕಣ್ಣಿಗೆ ಕಟ್ಟಿತು.

ಅಪ್ಪನ ಫೋನಿನಿಂದ ಭಾರ್ಗವನ ನಂಬರು ತೆಗೆದುಕೊಂಡಳು. ಒಂದು ಬೆಳಗ್ಗೆ ಪೂರ್ತಿ ಬರೆದಳು, ಅಳಿಸಿದಳು. ಕೊನೆಗೆ ಕಳಿಸಿದ್ದು ಇಷ್ಟೇ: 'ಟ್ಯಾಬ್ ತಗೊಂಡೆ. ಕೈ ಊರಿದರೆ ಚುಕ್ಕಿ ಬೀಳ್ತಿದೆ. ಏನು ಮಾಡಬೇಕು?'

'ಹೇಳಿರಲಿಲ್ವಾ' ಎಂಬ ಉತ್ತರ ಬರಲಿ ಎಂದು ಕಾದಳು. ಬಂದರೆ ಅವನನ್ನು ಪೂರ್ತಿಯಾಗಿ ತಿರಸ್ಕರಿಸಿ ನೆಮ್ಮದಿಯಾಗಿರಬಹುದಿತ್ತು.

'ಭಾನುವಾರ ಬರಬಹುದಾ?' ಎಂದು ಬಂತು.

* * *

ಭಾನುವಾರ ಹನ್ನೊಂದಕ್ಕೆ ಅವನು ಬಟ್ಟೆಚೀಲ ಹಿಡಿದು ಬಂದ. ಚೀಲದಲ್ಲೊಂದು ಹಳೆಯ ಟ್ಯಾಬು, ಮೂಲೆಯಲ್ಲಿ ಗೀರು ಬಿದ್ದದ್ದು. ಕಾರ್ಖಾನೆಯಲ್ಲಿ ಹೆಂಚಿನ ಮೇಲಿನ ವಿನ್ಯಾಸ ಬರೆಯುವ ವಿಭಾಗದವರು ಹೊಸದು ತರಿಸಿಕೊಂಡಿದ್ದರಂತೆ, ಇದು ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತಂತೆ, ಅನುಮತಿ ಕೇಳಿ ತಂದನಂತೆ.

"ಕೈ ಊರಿ" ಎಂದ.

ಅವಳು ಊರಿದಳು. ಮರಿಯ ಕಿವಿಯೊಂದನ್ನು ಎಳೆದಳು. ಗೆರೆ ಕೈಯ ಜೊತೆಗೇ ಬಂತು. ಚುಕ್ಕಿ ಬೀಳಲಿಲ್ಲ. ಇನ್ನೊಂದು ಕಿವಿ, ಬೆನ್ನು, ನೆಗೆಯಲು ಮಡಚಿದ ಮುಂಗಾಲು... ಬರೆಯುತ್ತ ಬರೆಯುತ್ತ ಅವಳಿಗೆ ಎದುರಿಗೆ ಮನುಷ್ಯ ಕೂತಿರುವುದೇ ಮರೆತುಹೋಯಿತು. ತಲೆ ಎತ್ತಿದಾಗ ಅವನು ಚಿತ್ರವನ್ನಲ್ಲ, ಅವಳನ್ನು ನೋಡುತ್ತಿದ್ದ. ಕೂಡಲೇ ದೃಷ್ಟಿ ಬೇರೆಡೆ ತಿರುಗಿಸಿದ.

"ಅವತ್ತು ಎರಡು ತಿಂಗಳು ಕಾಯಿರಿ ಅಂದಿದ್ದು ನನ್ನ ತಪ್ಪು" ಎಂದ ಮೆಲ್ಲಗೆ. "ಕೆಲಸ ಕೈಲಿರೋರು ಕಾಯೋಕಾಗಲ್ಲ. ಇವತ್ತು ಸಿಗೋದರಲ್ಲಿ ಯಾವುದು ಒಗ್ಗುತ್ತೆ ಅಂತ ಹುಡುಕಿಕೊಡಬೇಕಿತ್ತು. ಅವತ್ತಿಗೆ ಅಷ್ಟು ಹೊಳೀಲಿಲ್ಲ."

ಒಬ್ಬ ಗಂಡಸು ತಾನಾಗಿ ತನ್ನ ತಪ್ಪು ಒಪ್ಪಿಕೊಂಡದ್ದನ್ನು ಮೃದುಲಾ ಅದೇ ಮೊದಲು ಕಂಡದ್ದು. ಅವಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ತಪ್ಪು ಅವಳದೂ ಇತ್ತು, ಅದನ್ನು ಒಪ್ಪಿಕೊಳ್ಳುವ ಬಾಯಿ ಅವಳಿಗಿರಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ.

"ಬಹಳ ಉಪಕಾರ ಆಯ್ತು. ಕೋಲಾರದ ಹುಡುಗಿಗೂ ಹೀಗೇ ಹಳೇ ಸಾಮಾನು ಒಯ್ದು ಕೊಡ್ತೀರಾ? ಅಥವಾ ಅವರಿಗೆ ಹೊಸದಾ?"

ಒಳಗೆ ಪಾತ್ರೆಯ ಸದ್ದು ನಿಂತಿತು.

"ಯಾವ ಹುಡುಗಿ?"

"ಮೂರು ಶನಿವಾರ ನೋಡೋಕೆ ಹೋಗಿದ್ರಲ್ಲ, ಅವರು. ಎಲ್ಲರನ್ನೂ ಸಾಲಾಗಿ ನಿಲ್ಲಿಸ್ಕೊಂಡು, ಇನ್ನೂ ಒಳ್ಳೇದು ಬರುತ್ತೇನೋ ಅಂತ ಕಾಯೋ ನಿಮ್ಮಂಥವರನ್ನ ಕಂಡ್ರೆ ನನಗೆ ಅಸಹ್ಯ. ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಬೇಕು. ಅದಕ್ಕೂ ಧೈರ್ಯ ಬೇಕಲ್ಲ!"

ಭಾರ್ಗವನ ಮುಖ ಬಿಳಿಚಿತು. ಚೀಲವನ್ನು ನಿಧಾನವಾಗಿ ಮಡಚಿದ, ನಾಲ್ಕು ಮಡಿಕೆ.

"ಕೋಲಾರಕ್ಕೆ ಹೋಗಿದ್ದು ಟ್ಯಾಬ್ ನೋಡೋಕೆ. ನಾಲ್ಕು ಅಂಗಡೀಲಿ ಕೈ ಊರಿ ಬರೆದು ನೋಡಿದೆ. ನನಗೆ ಚಿತ್ರ ಬರಲ್ಲ, ಸುಮ್ಮನೆ ಸೊನ್ನೆ ಬರೆದೆ. ಯಾವುದು ಒಗ್ಗುತ್ತೆ ಅಂತ ಗೊತ್ತಾದ್ಮೇಲೆ ನಿಮಗೆ ತಿಳಿಸೋಣ ಅಂತಿದ್ದೆ. ಅಷ್ಟರಲ್ಲಿ ನೀವು ತಗೊಂಡಿದೀರ ಅಂತ ಗೊತ್ತಿರಲಿಲ್ಲ."

ಅವಳು ಪೆನ್ನನ್ನು ಕೆಳಗಿಟ್ಟಳು.

"ಇನ್ನೊಂದು... ಪುಸ್ತಕ ಮುಗಿಯೋವರೆಗೆ ಕೇಳಬೇಡಿ ಅಂದ್ರಿ. ಅದಕ್ಕೇ ಕೇಳಲಿಲ್ಲ. ನಮ್ಮನೇಲೂ ಯಾರೂ ಕೇಳಬಾರದು ಅಂತ ಹೇಳಿದ್ದೆ."

ಒಳಗಿದ್ದ ಅಪ್ಪ, ಅಜ್ಜಿಗೆ ಕೈಮುಗಿದು, ಊಟಕ್ಕೂ ನಿಲ್ಲದೆ ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಹಳೆಯ ಟ್ಯಾಬು ಮೇಜಿನ ಮೇಲೇ ಇತ್ತು. ಅದರ ಮೇಲೆ ನೆಗೆಯಲು ಸಿದ್ಧವಾದ ಒಂದು ಮರಿ.

ಅಜ್ಜಿ ಹೊರಗೆ ಬಂದು ಮೊಮ್ಮಗಳ ಪಕ್ಕ ಕೂತರು. "ಅಷ್ಟು ಜನ ಬಂದ್ರು, ನಿನ್ನ ಮಾತನ್ನ ಮಾತು ಅಂತ ತಿಳ್ಕೊಂಡೋನು ಇವನೊಬ್ಬ" ಎಂದರು. ಅಷ್ಟೇ. ಬೈದಿದ್ದರೆ ಅವಳು ಎದುರು ಮಾತಾಡುತ್ತಿದ್ದಳು. ಬೈಯದೇ ಇದ್ದುದರಿಂದ ಅಳು ಬಂತು.

* * *

ಆಮೇಲಿನ ದಿನಗಳಲ್ಲಿ ಮೃದುಲಾ ಆ ಹಳೆಯ ಟ್ಯಾಬಿನಲ್ಲೇ ಬರೆದಳು. ತಿದ್ದಿದ ನಾಲ್ಕು ಪುಟ ನೋಡಿ ಸಂಪಾದಕಿ, ಇದೇ ಬೇಕಿದ್ದದ್ದು, ಮುಂದುವರಿಸಿ ಎಂದರು. ಪುಟದ ಮೇಲೆ ಪುಟ ಮುಗಿಯಿತು. ತಾತ್ಸಾರ ಮಾಡಲು ಈಗ ಅವಳಿಗೆ ಉಳಿದಿದ್ದವಳು ಒಬ್ಬಳೇ, ಅವಳೇ. ಆ ಕೆಲಸವನ್ನೂ ಅವಳು ಚೆನ್ನಾಗಿಯೇ ಮಾಡಿದಳು. 'ಕಾಯುವವರು ಹೇಡಿಗಳು ಎಂದೆಯಲ್ಲ, ಒಂದು ಕ್ಷಮೆ ಕೇಳಲು ತಿಂಗಳಿಂದ ಕಾಯುತ್ತಿರುವವಳು ಯಾರು?'

ಎರಡು ಸಲ ಬರೆಯಲು ಹೊರಟು ಬಿಟ್ಟಳು. ಪುಸ್ತಕ ಮುಗಿದ ಮೇಲೆ ಹೇಳೋಣ ಎಂದುಕೊಂಡಳು. ಮುಗಿದ ಮೇಲೆ ಹೇಳಿದರೆ ಸರಿಯಾಗಿರುತ್ತದೆ, ಕೊಟ್ಟ ಮಾತೂ ಉಳಿಯುತ್ತದೆ...

ಮಾರ್ಚಿನ ಮೊದಲ ವಾರ ಭಾರ್ಗವನ ಚಿಕ್ಕಮ್ಮನಿಂದ ಅಪ್ಪನಿಗೆ ಫೋನ್ ಬಂತು. ನಿಮ್ಮ ಹುಡುಗಿಗೆ ಇಷ್ಟವಿಲ್ಲ, ನೇರವಾಗಿಯೇ ಹೇಳಿದಳು ಎಂದು ಭಾರ್ಗವ್ ಮನೆಯಲ್ಲಿ ತಿಳಿಸಿದ್ದಾನಂತೆ. ಇನ್ನು ತಡ ಮಾಡುವುದು ಬೇಡವೆಂದು ಭಾನುವಾರ ಶ್ರೀನಿವಾಸಪುರಕ್ಕೆ ಒಂದು ಹುಡುಗಿ ನೋಡಲು ಹೊರಟಿದ್ದಾರಂತೆ. ನಿಮಗೂ ತಿಳಿಸಿದರೆ ಮರ್ಯಾದೆ ಎಂದು ಫೋನ್ ಮಾಡಿದೆ ಎಂದರು.

ಈ ಸಲ ಸುದ್ದಿ ತಂದದ್ದು ಶ್ರೀಕೃಷ್ಣನಲ್ಲ. ನಿಜವಾದ ಸುದ್ದಿ.

ಅಂದು ಶುಕ್ರವಾರ. ಇನ್ನೂ ಒಂಬತ್ತು ಪುಟ ಬಾಕಿಯಿತ್ತು. ಒಂದು ದಿನ ಹಾಳಾದರೂ ಕಷ್ಟ.

ಶನಿವಾರ ಬೆಳಗ್ಗೆ ಅವಳು ಟ್ಯಾಬನ್ನು ಮುಚ್ಚಿಟ್ಟು ಸೀರೆ ಉಟ್ಟಳು. ಎಲ್ಲಿಗೆ ಎಂದು ಅಪ್ಪ ಕೇಳಿದರು. ಮಾಲೂರಿಗೆ ಎಂದಳು. ಒಬ್ಬಳೇ ಹೋಗುವುದು ಚೆನ್ನಾಗಿ ಕಾಣುತ್ತದೆಯೇ, ಮೊದಲು ಫೋನ್ ಮಾಡಿ ಕೇಳೋಣ, ಎರಡು ದಿನ ನೋಡಿ ಆಮೇಲೆ... ಎಂದು ಅಪ್ಪ ಶುರುಮಾಡುವಷ್ಟರಲ್ಲಿ ಅಂಬಾಬಾಯಿ ಮಗನ ಕಡೆ ಒಂದು ನೋಟ ಬಿಟ್ಟರು. ಸೀತಾರಾಮ ಪೇಪರು ಬಿಡಿಸಿಕೊಂಡರು.

* * *

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು, ನೀವು ಸಾರಿಗೆ ಏನಾಗಬೇಕು ಎಂದು ಕೇಳಿದ. ಮುಳಬಾಗಿಲಿನಿಂದ ಬಂದಿದ್ದೇನೆ ಎಂದು ಹೇಳು ಎಂದಳು. ಅಷ್ಟು ಸಾಕಾಯಿತೇನೋ, ಅವನು ಒಳಗೆ ಕೈ ತೋರಿಸಿದ.

ಉದ್ದನೆಯ ಶೆಡ್ಡು. ಚೌಕಟ್ಟುಗಳ ಮೇಲೆ ಸಾಲು ಸಾಲಾಗಿ ಹಸಿ ಹೆಂಚುಗಳು. ಒದ್ದೆ ಮಣ್ಣಿನ ವಾಸನೆ, ನೆರಳು. ಕೊನೆಯ ಸಾಲಿನಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡ ಭಾರ್ಗವ್ ಒಂದೊಂದನ್ನೇ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಮೂರು ತಿಂಗಳಿಂದ ಅವಳು ನಕ್ಕಿದ್ದು ಈ ಕೆಲಸಕ್ಕೇ. ಈಗ ನಗು ಬರಲಿಲ್ಲ.

ಅವಳನ್ನು ಕಂಡು ಅವನು ಎದ್ದು ನಿಂತ.

"ಪುಸ್ತಕ ಮುಗೀತಾ?"

"ಇಲ್ಲ. ಒಂಬತ್ತು ಪುಟ ಇದೆ."

"ಮತ್ತೆ... ಟ್ಯಾಬ್ ಕೆಟ್ಟುಹೋಯ್ತಾ?"

'ದೇವರೇ, ಈ ಮನುಷ್ಯನಿಗೆ ಬಿಡಿಸಿ ಬಿಡಿಸಿ ಹೇಳಬೇಕಾ?' ಎನ್ನಿಸಿತು ಅವಳಿಗೆ. ಕಣ್ಣಲ್ಲಿ ನೀರು ಬಂದದ್ದನ್ನು ಮರೆಮಾಚಲು ದನಿಯನ್ನು ಗಡುಸು ಮಾಡಿಕೊಂಡಳು.

"ಟ್ಯಾಬ್ ಚೆನ್ನಾಗಿದೆ. ಕೆಟ್ಟಿದ್ದು ನನ್ನ ಬಾಯಿ. ಅವತ್ತು ಅಂದಿದ್ದಕ್ಕೆ... ತಪ್ಪಾಯ್ತು. ಬೇರೆಯವರ ಮಾತು ನಂಬಿದ್ದಲ್ಲ ತಪ್ಪು. ನಂಬೋಕೆ ಖುಷಿಯಾಯ್ತಲ್ಲ, ಅದು. ನೀವು ಕೆಟ್ಟೋರು ಅಂತಾದ್ರೆ ನಾನು ನಿಮ್ಮನ್ನ ನೆನೆಸ್ಕೊಳ್ಳೋದು ನಿಲ್ಲುತ್ತೆ ಅಂದ್ಕೊಂಡೆ."

"ನಿಂತಿತಾ?"

"ನಿಂತಿದ್ರೆ ಎರಡು ಬಸ್ಸು ಬದಲಾಯಿಸಿ ಹೆಂಚು ನೋಡೋಕೆ ಬರ್ತಿದ್ನಾ?"

ಶೆಡ್ಡಿನ ಆ ಕೊನೆಯಲ್ಲಿ ಇಬ್ಬರು ಕೆಲಸದ ಹೆಂಗಸರು ಗಾಡಿ ತಳ್ಳುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು.

"ನಾನೇ ಷರತ್ತು ಹಾಕಿದ್ದು, ನಾನೇ ತೆಗೀತಿದೀನಿ. ಕೇಳೋದಿದ್ರೆ ಈಗ ಕೇಳಿ" ಎಂದಳು ಮೃದುಲಾ. ಮರುಕ್ಷಣವೇ ಧೈರ್ಯ ಕುಸಿಯಿತು. "ನಾಳೆ ಶ್ರೀನಿವಾಸಪುರಕ್ಕೆ ಹೋಗೋದಿದ್ರೆ... ಬೇಡ. ಕೇಳಬೇಡಿ."

"ಹೋಗ್ತಿಲ್ಲ. ನಿನ್ನೆ ಸಂಜೆ ಚಿಕ್ಕಮ್ಮ ಹೇಳಿದ ತಕ್ಷಣ ಬರಲ್ಲ ಅಂದೆ. ಒಂದು ನಿಮಿಷಾನೂ ಯೋಚನೆ ಮಾಡಲಿಲ್ಲ. ಅವರಿಗೇ ಗಾಬರಿಯಾಯ್ತು, ನನಗೆ ಹುಷಾರಿಲ್ವೇನೋ ಅಂತ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಭಾರ್ಗವ್ ಕೈಗೆ ಮೆತ್ತಿದ್ದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. "ಯುಗಾದಿ ಆದ್ಮೇಲೆ ಏನು ಕೇಳಬೇಕು ಅಂತ ಬಹಳ ಸಿದ್ಧ ಮಾಡ್ಕೊಂಡಿದ್ದೆ. ಈಗ ಒಂದೂ ನೆನಪಾಗ್ತಿಲ್ಲ."

"ನೆನಪಾದಷ್ಟು ಹೇಳಿ."

"ಅವತ್ತು ನೀವು ನನ್ನನ್ನ ಬೈದ್ರಲ್ಲ... ಬಸ್ಸಲ್ಲಿ ಪೂರ್ತಿ ಅದೇ ಯೋಚನೆ ಮಾಡ್ತಾ ಬಂದೆ. ಹುಡುಗಿ ವಿಷಯ ಬಿಟ್ರೆ, ಉಳಿದಿದ್ದೆಲ್ಲ ನಿಜ. ನಾನು ಕಾಯ್ತೀನಿ, ಹೇಳಬೇಕಾದ್ದನ್ನ ಹೇಳಲ್ಲ, ಧೈರ್ಯ ಸಾಲಲ್ಲ. ಇಷ್ಟು ಸರಿಯಾಗಿ ನನ್ನನ್ನ ಇದುವರೆಗೆ ಯಾರೂ ಗಮನಿಸಿಲ್ಲ. ಹೀಗೆ ಬೈಸ್ಕೊಂಡು ನಿಮ್ಮ ಜೊತೆ ಇರಬೇಕು ಅಂತ ಆಸೆ. ನನ್ನನ್ನ ಮದುವೆ ಆಗ್ತೀರಾ?"

ಗಾಡಿಯ ಹೆಂಗಸರು ಮುಖ ಮುಖ ನೋಡಿಕೊಂಡರು.

"ಆಗ್ತೀನಿ" ಎಂದಳು ಮೃದುಲಾ. ಆ ಮಾತು ಎಷ್ಟು ಸುಲಭವಾಗಿ ಬಂತೆಂದರೆ, ಅವಳಿಗೇ ಆಶ್ಚರ್ಯವಾಯಿತು.

ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತೇನೆಂದು ಅವನು ಜೊತೆಗೆ ಹೊರಟ. ಕೋಲಾರದ ಬಸ್ಸು ಹೊರಡಲು ನಿಂತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಕೆಳಗೆ ನಿಂತ ಭಾರ್ಗವ್ ಕೈ ಎತ್ತಿದ. ಡ್ರೈವರ್ ಬಸ್ ಶುರು ಮಾಡಿದ.

ಬಸ್ಸು ಎರಡು ಮಾರು ಚಲಿಸಿರಬೇಕು, ಮೃದುಲಾಳ ಪಕ್ಕದ ಸೀಟಿನಲ್ಲಿ ಯಾರೋ ಏದುಸಿರು ಬಿಡುತ್ತ ಕುಸಿದು ಕೂತರು.

"ನೀವ್ಯಾಕೆ ಹತ್ತಿದ್ರಿ?"

"ಗೊತ್ತಿಲ್ಲ" ಎಂದ ಭಾರ್ಗವ್.

ಕಂಡಕ್ಟರ್ ಬಂದ. ಮೃದುಲಾಳ ಆಧಾರ್ ಕಾರ್ಡ್ ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟ. ಆಮೇಲೆ ಭಾರ್ಗವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ನೋಟ ತಲೆಯ ಮೇಲೆ ನಿಂತಿತು.

"ಸಾರ್‌ಗೆ ಎಲ್ಲಿಗೆ?"

"ಕೋಲಾರ. ಅಲ್ಲಿಂದ ಮುಳಬಾಗಿಲು. ಇವರ ಮನೆಗೆ."

ಕಂಡಕ್ಟರ್ ಅಷ್ಟು ಕೇಳಿರಲಿಲ್ಲ. ಮುಂದಿನ ಸೀಟಿನವರೆಲ್ಲ ಹಿಂತಿರುಗಿ ನೋಡಿದರು. ಮೃದುಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಭುಜಗಳು ಅದುರುವಷ್ಟು. ಆಮೇಲೆ ಕೈ ಚಾಚಿ ಅವನ ತಲೆಯ ಮೇಲಿದ್ದ ಹಳದಿ ಹೆಲ್ಮೆಟ್ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಅಯ್ಯೋ" ಎಂದ ಅವನು, ತಲೆ ಮುಟ್ಟಿಕೊಂಡು. "ಆವಾಗಿಂದ ಇದೇ ಹಾಕ್ಕೊಂಡಿದ್ನಾ?"

"ಹೂಂ. ಮದುವೆ ಆಗ್ತೀರಾ ಅಂತ ಕೇಳಿದ್ದೂ ಇದನ್ನ ಹಾಕ್ಕೊಂಡೇ."

"ಚೆನ್ನಾಗಿ ಕಾಣಿಸ್ತಿತ್ತಾ?"

"ಇಲ್ಲ" ಎಂದಳು ಮೃದುಲಾ, ಅವನ ಹಣೆಯ ಮೇಲೆ ಹೆಲ್ಮೆಟ್ಟಿನಿಂದ ಬಿದ್ದಿದ್ದ ಗೆರೆಯನ್ನು ನೋಡುತ್ತ. "ಸ್ವಲ್ಪಾನೂ ಇಲ್ಲ. ಹತ್ರ ಬನ್ನಿ, ಕೂದಲು ಸರಿ ಮಾಡ್ತೀನಿ."